ಅತಿ ದೂರದ ಗ್ಯಾಲಕ್ಸಿಗಳನ್ನು ಮನೆಯಲ್ಲೇ ಕೂತು ಹುಡುಕುವುದು ಹೇಗೆ?

"ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳು ಎಲ್ಲರಿಗೂ ಪುಕ್ಕಟೆ ಸಿಗುತ್ತವಂತೆ. ಹಾಗಾದರೆ ನಾವೂ ಅದರಲ್ಲಿ ಬಹಳ ಹಳೆಯ ಗ್ಯಾಲಕ್ಸಿ ಹುಡುಕಬಹುದಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಹುಡುಕಬಹುದು. (ದೂರದ ಗ್ಯಾಲಕ್ಸಿಯ ಬೆಳಕು ಹೊರಟು ಬಹಳ ಕಾಲವಾಗಿರುತ್ತದೆ, ಅದಕ್ಕೇ ದೂರದ್ದು ಅಂದರೆ ಹಳೆಯದು.) ದೊಡ್ಡ ಕಂಪ್ಯೂಟರ್ ಬೇಡ, ಪದವಿಯೂ ಬೇಡ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೈಗೆ ಸಿಗುವುದು "ಅಭ್ಯರ್ಥಿ" ಮಾತ್ರ. ಅದು ನಿಜವಾಗಿ ದೂರದ್ದೇ ಅಂತ ಖಚಿತವಾಗಬೇಕಾದರೆ ರೋಹಿತ ಬೇಕು, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯಬೇಕು. ಅದಕ್ಕೆ ದೂರದರ್ಶಕದ ಸಮಯವೇ ಬೇಕಾಗುತ್ತದೆ. ಇನ್ನೊಂದು ವಿಷಯ: ಈ ಕೆಲಸದಲ್ಲಿ ಹುಡುಕುವುದಕ್ಕಿಂತ ತಿರಸ್ಕರಿಸುವುದೇ ಜಾಸ್ತಿ. ಅದರಲ್ಲಿ ಖುಷಿ ಸಿಗುವವರಿಗೆ ಮಾತ್ರ ಇದು ಹಿಡಿಸುತ್ತದೆ.

ಏನೇನು ಬೇಕು

16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ಮೂರು ಸಾಫ್ಟ್‌ವೇರ್ ಹಾಕಿಕೊಳ್ಳಿ, ಮೂರೂ ಉಚಿತ. ದೊಡ್ಡ ಪಟ್ಟಿಗಳನ್ನು ಜರಡಿ ಹಿಡಿಯಲು ಟಾಪ್‌ಕ್ಯಾಟ್. ಖಗೋಳ ಚಿತ್ರಗಳನ್ನು ತೆರೆಯಲು ಡಿಎಸ್9. ದೂರ ಅಂದಾಜು ಮಾಡಲು ಈಝೀ. ಪೈಥಾನ್ ಸ್ವಲ್ಪ ಬಂದರೆ ಕೆಲಸ ಬೇಗ ಆಗುತ್ತದೆ. ಬಾರದಿದ್ದರೂ ಮೊದಲ ನಾಲ್ಕು ಹಂತ ಮಾಡಬಹುದು.

ಡೇಟಾ ಎರಡು ಕಡೆ ಸಿಗುತ್ತದೆ. ಒಂದು ಮಾಸ್ಟ್. ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್ ನಡೆಸುವ ಸಂಗ್ರಹ ಇದು. ಇನ್ನೊಂದು ಡಾನ್ ಜೆಡಬ್ಲ್ಯೂಎಸ್‌ಟಿ ಆರ್ಕೈವ್ (ಜೆಡಬ್ಲ್ಯೂಎಸ್‌ಟಿ ಅಂದರೆ ವೆಬ್ ದೂರದರ್ಶಕವೇ), ಡೆನ್ಮಾರ್ಕ್‌ನ ಕಾಸ್ಮಿಕ್ ಡಾನ್ ಸೆಂಟರ್‌ನವರದ್ದು. ಹೊಸಬರಿಗೆ ನನ್ನ ಸಲಹೆ ಎರಡನೆಯದು. ಅಲ್ಲಿ ಚಿತ್ರಗಳನ್ನು ತೊಳೆದು, ಜೋಡಿಸಿ, ಪಟ್ಟಿ ಮಾಡಿ ಇಟ್ಟಿರುತ್ತಾರೆ. ಮಾಸ್ಟ್‌ನಿಂದ ಕಚ್ಚಾ ಡೇಟಾ ಇಳಿಸಿಕೊಂಡು ಶುರು ಮಾಡಿದರೆ ಗ್ಯಾಲಕ್ಸಿ ನೋಡುವ ಮೊದಲೇ ಸಾಕಾಗಿಹೋಗುತ್ತದೆ.

ಮೊದಲು ತಿಳಿಯಬೇಕಾದ ಎರಡು ಸಂಗತಿ

ಕೆಂಪು ಪಲ್ಲಟ: ಬ್ರಹ್ಮಾಂಡ ಹಿಗ್ಗುತ್ತಿರುವುದರಿಂದ ದೂರದಿಂದ ಬರುವ ಬೆಳಕಿನ ತರಂಗದೂರವೂ ಹಿಗ್ಗುತ್ತದೆ. ಎಷ್ಟು ಹಿಗ್ಗಿದೆ ಅನ್ನುವುದಕ್ಕೆ ಝಡ್ ಅನ್ನುವ ಸಂಖ್ಯೆ ಬಳಸುತ್ತಾರೆ. ಝಡ್ 10 ಆದರೆ ತರಂಗದೂರ 11 ಪಟ್ಟು, 14 ಆದರೆ 15 ಪಟ್ಟು. ಅಂದರೆ ಝಡ್‌ಗೆ ಒಂದು ಕೂಡಿಸಿದಷ್ಟು. ಝಡ್ 10ರ ಬೆಳಕು ಹೊರಟಾಗ ಬ್ರಹ್ಮಾಂಡಕ್ಕೆ ಸುಮಾರು 47 ಕೋಟಿ ವರ್ಷ, ಝಡ್ 14ಕ್ಕೆ ಸುಮಾರು 30 ಕೋಟಿ. ಈಗಿನ ವಯಸ್ಸು 1,380 ಕೋಟಿ.

ಲೈಮನ್ ಮುರಿತ: ಆ ಕಾಲದಲ್ಲಿ ಗ್ಯಾಲಕ್ಸಿಗಳ ನಡುವೆಲ್ಲ ಹೈಡ್ರೋಜನ್ ಅನಿಲ ತುಂಬಿತ್ತು. 121.6 ನ್ಯಾನೋಮೀಟರ್‌ಗಿಂತ ಚಿಕ್ಕ ತರಂಗದೂರದ ಬೆಳಕನ್ನೆಲ್ಲ ಅದು ನುಂಗಿಬಿಡುತ್ತದೆ. ಹಾಗಾಗಿ ಗ್ಯಾಲಕ್ಸಿಯ ರೋಹಿತ ಒಂದು ಕಡೆ ಕತ್ತರಿಸಿದಂತೆ ನಿಂತುಹೋಗುತ್ತದೆ. ಝಡ್ 14 ಅಂದರೆ 121.6 ಅನ್ನು 15ರಿಂದ ಗುಣಿಸಿ. ಮುರಿತ ಸುಮಾರು 1.82 ಮೈಕ್ರಾನ್‌ನಲ್ಲಿ (1,824 ನ್ಯಾನೋಮೀಟರ್), ಅವಕೆಂಪಿನಲ್ಲಿ ಕಾಣುತ್ತದೆ. ಕ್ಯಾಮೆರಾದ ಒಂದೊಂದು ಫಿಲ್ಟರ್ ಒಂದೊಂದು ಶ್ರೇಣಿಯ ತರಂಗದೂರವನ್ನು ಮಾತ್ರ ಒಳಬಿಡುತ್ತದೆ. ಅದಕ್ಕಿಂತ ಚಿಕ್ಕ ತರಂಗದೂರದ ಫಿಲ್ಟರ್‌ಗಳಲ್ಲಿ ಆ ಗ್ಯಾಲಕ್ಸಿ ಇಲ್ಲವೇ ಇಲ್ಲ. ಉದ್ದದ ಫಿಲ್ಟರ್‌ಗಳಲ್ಲಿ ಇದೆ. ಹೀಗೆ ಮಾಯವಾಗುವ ಗ್ಯಾಲಕ್ಸಿಗೆ "ಡ್ರಾಪ್‌ಔಟ್" ಅಂತ ಹೆಸರು. 1990ರ ದಶಕದಲ್ಲಿ ಖಗೋಳವಿಜ್ಞಾನಿ ಚಾರ್ಲ್ಸ್ ಸ್ಟೈಡೆಲ್ ಮತ್ತು ಸಂಗಡಿಗರು ಝಡ್ 3ರ ಆಸುಪಾಸಿನ ಗ್ಯಾಲಕ್ಸಿಗಳನ್ನು ಇದೇ ತಂತ್ರದಿಂದ ಹಿಡಿದರು. ಇಂದಿಗೂ ತಂತ್ರ ಅದೇ, ಫಿಲ್ಟರ್ ಮಾತ್ರ ಬೇರೆ.

(ಅಂದಹಾಗೆ, ಆ ಹೈಡ್ರೋಜನ್ ತಾನೇ ಹೊಮ್ಮಿಸುವ 21 ಸೆಂಟಿಮೀಟರ್ ರೇಡಿಯೋ ತರಂಗವನ್ನು ಹುಡುಕುವ ಕೆಲಸ ನಮ್ಮಲ್ಲೇ ನಡೆದಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ಸಾರಸ್-3 ಎಂಬ ಆಂಟೆನಾ ತೇಲಿಬಿಟ್ಟು ಅಳತೆ ಮಾಡಿದರು. ಅಮೆರಿಕದ ಎಡ್ಜಸ್ ತಂಡ 2018ರಲ್ಲಿ ಕಂಡೆವು ಅಂದಿದ್ದ ಸಂಕೇತ ಇವರಿಗೆ ಕಾಣಲಿಲ್ಲ. ಅದೇ ದೊಡ್ಡ ಸುದ್ದಿಯಾಯಿತು.)

ಹಂತ 1: ಆಕಾಶದ ತುಂಡು ಆರಿಸಿಕೊಳ್ಳಿ

ಎಲ್ಲ ಕಡೆ ಹುಡುಕಲು ಆಗುವುದಿಲ್ಲ. ವೆಬ್ ಬಹಳ ಹೊತ್ತು ದಿಟ್ಟಿಸಿ ನೋಡಿದ ಜಾಗಗಳು ಕೆಲವೇ. ಜೇಡ್ಸ್ ಸಮೀಕ್ಷೆ ಗುಡ್ಸ್-ದಕ್ಷಿಣ ಮತ್ತು ಗುಡ್ಸ್-ಉತ್ತರ ಎಂಬ ಎರಡು ತುಂಡು ನೋಡಿದೆ. ಉತ್ತರದ್ದು ಸಪ್ತರ್ಷಿ ಮಂಡಲದ ಕಡೆ ಇದೆ. ದಕ್ಷಿಣದ್ದು ಫೋರ್ನಾಕ್ಸ್ ನಕ್ಷತ್ರಪುಂಜದಲ್ಲಿದೆ. ಡಿಸೆಂಬರ್-ಜನವರಿಯ ರಾತ್ರಿ ಕರ್ನಾಟಕದಿಂದ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎದುರಿಗೇ ಇರುತ್ತದೆ, ಆದರೆ ಬರಿಗಣ್ಣಿಗೆ ಅಲ್ಲಿ ಏನೂ ಕಾಣದು. ಸಿಯರ್ಸ್ ಸಮೀಕ್ಷೆ ಇನ್ನೊಂದು. ಕಾಸ್ಮೋಸ್-ವೆಬ್ ಬಹಳ ಅಗಲವಾದದ್ದು, 2025ರ ಜೂನ್‌ನಲ್ಲಿ ಬಿಡುಗಡೆಯಾದ ಅದರ ಪಟ್ಟಿಯಲ್ಲಿ ಸುಮಾರು 8 ಲಕ್ಷ ಗ್ಯಾಲಕ್ಸಿಗಳಿವೆ. ಆದರೆ ಅದರಲ್ಲಿ ಫಿಲ್ಟರ್‌ಗಳು ಕಡಿಮೆ.

ಹೊಸಬರು ಗುಡ್ಸ್-ದಕ್ಷಿಣದಿಂದ ಶುರು ಮಾಡಿ. ಫಿಲ್ಟರ್ ಜಾಸ್ತಿ ಇದ್ದಷ್ಟೂ ಮೋಸ ಹೋಗುವುದು ಕಡಿಮೆ.

ಹಂತ 2: ಗೊತ್ತಿರುವ ಗ್ಯಾಲಕ್ಸಿಯ ಮೇಲೆ ಕೈ ಪಳಗಿಸಿ

ಇದನ್ನು ಬಿಟ್ಟು ಮುಂದೆ ಓಡುವವರೇ ಹೆಚ್ಚು. ದಯವಿಟ್ಟು ಓಡಬೇಡಿ.

ಜೇಡ್ಸ್-ಜಿಎಸ್-ಝಡ್14-0 ಎಂಬ ಗ್ಯಾಲಕ್ಸಿ ಇದೆ. ಅದರ ವಿಳಾಸ: ವಿಷುವದಂಶ 53.08294 ಡಿಗ್ರಿ, ಘಂಟಾವೃತ್ತಾಂಶ −27.85563 ಡಿಗ್ರಿ. (ಭೂಮಿಗೆ ರೇಖಾಂಶ, ಅಕ್ಷಾಂಶ ಇದ್ದಂತೆ ಆಕಾಶಕ್ಕೆ ಈ ಎರಡು.) ಡಿಎಸ್9ನಲ್ಲಿ ಈ ಜಾಗ ತೆರೆದು, ಫಿಲ್ಟರ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ.

ವೆಬ್‌ನ ನಿಯರ್‌ಕ್ಯಾಮ್ ಕ್ಯಾಮೆರಾದ ಫಿಲ್ಟರ್ ಹೆಸರುಗಳು ಎಫ್115ಡಬ್ಲ್ಯೂ ಅನ್ನುವ ಥರ ಇರುತ್ತವೆ. 115 ಅಂದರೆ 1.15 ಮೈಕ್ರಾನ್, ಡಬ್ಲ್ಯೂ ಅಂದರೆ ಅಗಲದ ಫಿಲ್ಟರ್. ಇನ್ನು ಮುಂದೆ ಬರೀ 090, 115, 150, 200, 277, 356, 444 ಅಂತ ಬರೆಯುತ್ತೇನೆ. ನಮ್ಮ ಗ್ಯಾಲಕ್ಸಿ 090, 115, 150ರಲ್ಲಿ ಕಾಣುವುದಿಲ್ಲ. 200ರಲ್ಲಿ ಕಾಣಿಸಿಕೊಳ್ಳುತ್ತದೆ. 277ರಲ್ಲಿ ಚೆನ್ನಾಗಿ ಬೆಳಗುತ್ತದೆ. ಪಕ್ಕದಲ್ಲೇ ಇನ್ನೊಂದು ಗ್ಯಾಲಕ್ಸಿಯೂ ಇದೆ, ಅದು ಎಲ್ಲ ಫಿಲ್ಟರ್‌ನಲ್ಲೂ ಕಾಣುತ್ತದೆ, ಇದಕ್ಕಿಂತ ನಮಗೆ ಬಹಳ ಹತ್ತಿರದ್ದು. ಈ ನೆರೆಯವನ ದೆಸೆಯಿಂದ ವಿಜ್ಞಾನಿಗಳೇ ಮೊದಮೊದಲು ಇದನ್ನು ಅನುಮಾನಿಸಿದ್ದರು. 2024ರಲ್ಲಿ ರೋಹಿತ ಸಿಕ್ಕಿದ ಮೇಲೆ ಝಡ್ 14.32 ಅಂತ ಪ್ರಕಟವಾಯಿತು. 2025ರಲ್ಲಿ ಚಿಲಿಯ ಆಲ್ಮಾ ದೂರದರ್ಶಕ ಅದರಲ್ಲಿ ಆಮ್ಲಜನಕದ ಗೆರೆ (ರೋಹಿತದಲ್ಲಿ ಒಂದೇ ತರಂಗದೂರದಲ್ಲಿ ಎದ್ದು ಹೊಳೆಯುವ ಬೆಳಕು) ಕಂಡು 14.18ಕ್ಕೆ ತಿದ್ದಿತು.

ಈ ಚಿತ್ರ ಕಣ್ಣಲ್ಲಿ ಕೂರುವವರೆಗೆ ನೋಡಿ. ನಿಜವಾದ ಡ್ರಾಪ್‌ಔಟ್ ಹೇಗಿರುತ್ತದೆ ಅಂತ ಗೊತ್ತಿಲ್ಲದೆ ಸುಮ್ನೆ ಪಟ್ಟಿ ಜಾಲಾಡಿದರೆ ಪ್ರಯೋಜನವಿಲ್ಲ.

ಹಂತ 3: ಪಟ್ಟಿಯನ್ನು ಜರಡಿ ಹಿಡಿಯಿರಿ

ಯಾವ ಫಿಲ್ಟರ್‌ನಲ್ಲಿ ಮಾಯವಾದರೆ ಎಷ್ಟು ದೂರ?
- 090ರಲ್ಲಿ ಪೂರ್ತಿ ಮಾಯ, 115ರಿಂದ ಮೇಲೆ ಇದೆ: ಝಡ್ ಸುಮಾರು 7.3ರಿಂದ ಮೇಲೆ
- 115ರಲ್ಲೂ ಮಾಯ: ಸುಮಾರು 9.5ರಿಂದ ಮೇಲೆ
- 150ರಲ್ಲೂ ಮಾಯ: ಸುಮಾರು 12.7ರಿಂದ ಮೇಲೆ
- 200ರಲ್ಲೂ ಮಾಯ: ಸುಮಾರು 17.3ರಿಂದ ಮೇಲೆ

ದಾಖಲೆ ಮುರಿಯುವ ಆಸೆಯಿಂದ ನೇರ 200ಕ್ಕೆ ಹೋಗಬೇಡಿ. ಅಲ್ಲಿ ಸಿಗುವುದು ಹೆಚ್ಚುಕಮ್ಮಿ ಪೂರ್ತಿ ಕಸ. ರೋಹಿತದಿಂದ ಖಚಿತವಾದ ದಾಖಲೆಯೇ ಇನ್ನೂ ಝಡ್ 14ರ ಆಸುಪಾಸಿನದು. 2025ರಲ್ಲಿ ಪ್ರಕಟವಾದ ಮಾಮ್-ಝಡ್14 ಎಂಬ ಗ್ಯಾಲಕ್ಸಿಯದು 14.44. 115ರ ಡ್ರಾಪ್‌ಔಟ್‌ನಿಂದ ಶುರು ಮಾಡಿ.

ಟಾಪ್‌ಕ್ಯಾಟ್‌ನಲ್ಲಿ ಪಟ್ಟಿ ತೆರೆದು ಈ ಷರತ್ತುಗಳನ್ನು ಹಾಕಿ. ಪ್ರತಿ ಫಿಲ್ಟರ್‌ಗೂ ಎರಡು ಕಾಲಂ ಇರುತ್ತವೆ: ಹೊಳಪು ಮತ್ತು ಅದರ ದೋಷ. ಹೊಳಪನ್ನು ದೋಷದಿಂದ ಭಾಗಿಸಿದರೆ ಬರುವುದು "ಸಂಕೇತ-ಗದ್ದಲ ಅನುಪಾತ", ಅಂದರೆ ಕಂಡದ್ದು ಎಷ್ಟು ನಂಬಲರ್ಹ ಅನ್ನುವ ಅಳತೆ.

ಅ) 090 ಮತ್ತು 115ರಲ್ಲಿ ಈ ಅನುಪಾತ 2ಕ್ಕಿಂತ ಕಡಿಮೆ ಇರಬೇಕು. ವೆಬ್‌ಗಿಂತ ಹಳೆಯ ಹಬಲ್ ದೂರದರ್ಶಕದ ಫಿಲ್ಟರ್‌ಗಳಿದ್ದರೆ ಅವುಗಳಲ್ಲೂ ಅಷ್ಟೇ.

ಆ) 150, 200, 277ರ ಪೈಕಿ ಕನಿಷ್ಠ ಎರಡರಲ್ಲಿ 5ಕ್ಕಿಂತ ಹೆಚ್ಚಿರಬೇಕು.

ಇ) 150ರ ಹೊಳಪು 115ರ ಹೊಳಪಿನ ಎರಡೂವರೆ ಪಟ್ಟಿಗಿಂತ ಜಾಸ್ತಿ ಇರಬೇಕು. 115ರಲ್ಲಿ ಏನೂ ಕಾಣದಿದ್ದರೆ ಹೊಳಪಿನ ಬದಲು ಅದರ ದೋಷದ ಎರಡು ಪಟ್ಟನ್ನು ಇಟ್ಟುಕೊಳ್ಳಿ.

ಈ) ಮುರಿತದ ಆಚೆ ಬಣ್ಣ ಹೆಚ್ಚು ಕಡಿಮೆ ಸಮತಟ್ಟಾಗಿರಬೇಕು. 200ರಿಂದ 277ಕ್ಕೆ ಹೊಳಪು ಒಂದೂವರೆ ಪಟ್ಟಿಗಿಂತ ಏರಬಾರದು. ಆ ಕಾಲದಲ್ಲಿ ಇನ್ನೂ ಎಳೆಯವಾಗಿದ್ದ ಈ ಗ್ಯಾಲಕ್ಸಿಗಳು ನೀಲಿ. ಕೆಂಪಗೆ ಏರುತ್ತಾ ಹೋಗುವುದು ಧೂಳು ತುಂಬಿದ ಹತ್ತಿರದ ಗ್ಯಾಲಕ್ಸಿ ಇರಬಹುದು.

ಇಲ್ಲಿ ಜನ ಎಡವುವ ಜಾಗಗಳು ಮೂರು. ಮೊದಲನೆಯದು, ಹೊಳಪನ್ನು ಮ್ಯಾಗ್ನಿಟ್ಯೂಡ್‌ಗೆ (ಖಗೋಳದವರು ಹೊಳಪಿಗೆ ಬಳಸುವ ಲಾಗರಿದಮ್ ಅಳತೆ) ಬದಲಾಯಿಸಿಕೊಂಡು ಲೆಕ್ಕ ಮಾಡುವುದು. ಕಾಣದ ಗ್ಯಾಲಕ್ಸಿಯ ಹೊಳಪು ಗದ್ದಲದಿಂದಾಗಿ ಋಣಾತ್ಮಕವೂ ಆಗಬಹುದು. ಅದಕ್ಕೆ ಮ್ಯಾಗ್ನಿಟ್ಯೂಡ್ ಇರುವುದೇ ಇಲ್ಲ. ನಿಮಗೆ ಬೇಕಾದದ್ದೇ ಪಟ್ಟಿಯಿಂದ ಬಿದ್ದುಹೋಗುತ್ತದೆ. ಹಾಗಾಗಿ ನ್ಯಾನೋಜಾನ್ಸ್ಕಿ ಎಂಬ ಏಕಮಾನದಲ್ಲೇ ಇರಿ. 10 ನ್ಯಾನೋಜಾನ್ಸ್ಕಿ ಅಂದರೆ ಮ್ಯಾಗ್ನಿಟ್ಯೂಡ್ 28.9. ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ನಕ್ಷತ್ರಕ್ಕಿಂತ ಸುಮಾರು 150 ಕೋಟಿ ಪಟ್ಟು ಮಂದ! ಡಾನ್ ಸಂಗ್ರಹದ ಚಿತ್ರಗಳಲ್ಲಿ ಏಕಮಾನವೇ 10 ನ್ಯಾನೋಜಾನ್ಸ್ಕಿ ಆಗಿರುತ್ತದೆ, ಮಾಸ್ಟ್‌ನವುಗಳಲ್ಲಿ ಬೇರೆ. ಕಡತದ ತಲೆಬರಹದಲ್ಲಿ ಏಕಮಾನ ನೋಡಿಕೊಳ್ಳದೆ ಎರಡನ್ನೂ ಬೆರೆಸಬೇಡಿ.

ಎರಡನೆಯದು, "ಕಾಣುವುದಿಲ್ಲ" ಮತ್ತು "ನೋಡಿಯೇ ಇಲ್ಲ" ಎರಡನ್ನೂ ಒಂದೇ ಅಂದುಕೊಳ್ಳುವುದು. ಸಮೀಕ್ಷೆಯ ಅಂಚಿನಲ್ಲಿ ಕೆಲವು ಫಿಲ್ಟರ್‌ನ ಚಿತ್ರವೇ ಇರುವುದಿಲ್ಲ. ಅಲ್ಲಿ ಪಟ್ಟಿ ಸೊನ್ನೆ ತೋರಿಸಿದರೆ ಅದು ಡ್ರಾಪ್‌ಔಟ್ ಅಲ್ಲ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಜೋಡಿಸಿದ ಚಿತ್ರಗಳಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಗದ್ದಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಪಿಕ್ಸೆಲ್ ಪಿಕ್ಸೆಲ್ ಕೂಡಿಸಿ ದೋಷ ಲೆಕ್ಕ ಹಾಕಿದರೆ ಅದು ನಿಜಕ್ಕಿಂತ ಕಡಿಮೆ ಬರುತ್ತದೆ. ಅನುಪಾತ 5 ಅಂದುಕೊಂಡದ್ದು ನಿಜದಲ್ಲಿ 3 ಇರಬಹುದು. ಸುತ್ತಲಿನ ಖಾಲಿ ಆಕಾಶದಲ್ಲಿ ಅದೇ ಗಾತ್ರದ ವೃತ್ತಗಳನ್ನು ಹಾಕಿ, ಅವುಗಳ ಹೊಳಪು ಎಷ್ಟು ಏರುಪೇರಾಗುತ್ತದೆ ನೋಡಿ. ನಿಮ್ಮ ನಿಜವಾದ ದೋಷ ಅದೇ.

ಹಂತ 4: ಕಣ್ಣಿಂದ ನೋಡಿ

ಇಷ್ಟೆಲ್ಲ ದಾಟಿ ಬಂದವುಗಳ ಪುಟ್ಟ ಚಿತ್ರಗಳನ್ನು ಎಲ್ಲ ಫಿಲ್ಟರ್‌ನಲ್ಲೂ ತೆಗೆದು ಸಾಲಾಗಿ ಜೋಡಿಸಿ. ಇದಕ್ಕೆ ಅಡ್ಡದಾರಿ ಇಲ್ಲ. ಅರ್ಧಕ್ಕಿಂತ ಜಾಸ್ತಿ ಇಲ್ಲೇ ಉದುರಿಹೋದರೆ ಗಾಬರಿ ಬೇಡ, ಹಾಗೇ ಆಗುವುದು.

ಏನನ್ನು ನೋಡಬೇಕು? ಹೊಳೆಯುವ ನಕ್ಷತ್ರದಿಂದ ಚಾಚಿದ ಕಿರಣದ ಮೇಲೆ ಕೂತಿದೆಯಾ? ತೆಗೆದುಹಾಕಿ. ದೊಡ್ಡ ಗ್ಯಾಲಕ್ಸಿಯ ಅಂಚಿನ ತುಣುಕಾ? ತೆಗೆಯಿರಿ. ಒಂದೇ ಫಿಲ್ಟರ್‌ನಲ್ಲಿ ಚೂಪಾಗಿದ್ದು ಬೇರೆಲ್ಲೂ ಇಲ್ಲವಾ? ಕೆಟ್ಟ ಪಿಕ್ಸೆಲ್ ಇರಬೇಕು. ಕಾಸ್ಮಿಕ್ ಕಣಗಳು ಬಡಿದಾಗ ಪತ್ತೆಯಂತ್ರದ ಮೇಲೆ ದುಂಡಗಿನ ದೊಡ್ಡ ಕಲೆ ಬೀಳುತ್ತದೆ, ಅದಕ್ಕೆ "ಸ್ನೋಬಾಲ್" ಅಂತಾರೆ. ದಾರಿ ತಪ್ಪಿ ಒಳಬಂದ ಬೆಳಕಿನ ತೆಳು ಪರದೆಗೆ "ವಿಸ್ಪ್" ಅಂತಾರೆ. ಎರಡನ್ನೂ ಒಮ್ಮೆ ಗುರುತಿಸಲು ಕಲಿತರೆ ಮತ್ತೆ ಮರೆಯುವುದಿಲ್ಲ.

ಆಮೇಲೆ ಮಾಯವಾದ ಫಿಲ್ಟರ್‌ಗಳನ್ನೆಲ್ಲ ಒಟ್ಟು ಸೇರಿಸಿ ಒಂದು ಚಿತ್ರ ಮಾಡಿ. ಒಂದೊಂದರಲ್ಲೂ ಕಾಣದ್ದು ಮೊತ್ತದಲ್ಲಿ ಮಸುಕಾಗಿ ಕಂಡರೆ ಆಟ ಮುಗಿಯಿತು.

ಚಿತ್ರಗಳ ದಿನಾಂಕವನ್ನೂ ನೋಡಿ. ಹಬಲ್ ಚಿತ್ರ ಹತ್ತು ಹದಿನೈದು ವರ್ಷ ಹಳೆಯದು, ವೆಬ್‌ನದು ಈಗಿನದು. ನಡುವೆ ಸೂಪರ್‌ನೋವಾ ಒಂದು ಸಿಡಿದಿದ್ದರೆ ಹಳೆಯದರಲ್ಲಿ ಇಲ್ಲ, ಹೊಸದರಲ್ಲಿ ಇದೆ. ಥೇಟ್ ಡ್ರಾಪ್‌ಔಟ್! ಜೇಡ್ಸ್‌ನ ಪುಟ್ಟ ಜಾಗದಲ್ಲೇ ಹೀಗೆ ಮಿನುಗಿ ಮರೆಯಾಗುವ ಸುಮಾರು 80 ಕಾಯಗಳು ಸಿಕ್ಕಿವೆ.

ಹಂತ 5: ದೂರ ಅಂದಾಜು ಮಾಡಿ, ಮೂರರಿಂದ ಭಾಗಿಸಿ

ಈಗ ಈಝೀಗೆ ಎಲ್ಲ ಫಿಲ್ಟರ್‌ನ ಹೊಳಪು ಕೊಡಿ. ಅದು ತನ್ನ ಬಳಿ ಇರುವ ಮಾದರಿ ಗ್ಯಾಲಕ್ಸಿಗಳ ಜೊತೆ ಹೋಲಿಸಿ, ಯಾವ ಝಡ್‌ಗೆ ಎಷ್ಟು ಸಾಧ್ಯತೆ ಅಂತ ಒಂದು ರೇಖೆ ಬಿಡಿಸುತ್ತದೆ. ಶೋಧದ ವ್ಯಾಪ್ತಿ ಸೊನ್ನೆಯಿಂದಲೇ ಶುರುವಾಗಲಿ. ಕೆಲವರು "ನನಗೆ ಬೇಕಾದದ್ದು ದೂರದ್ದು ತಾನೇ" ಅಂತ 8ರಿಂದ ಶುರು ಮಾಡುತ್ತಾರೆ. ಆಗ ಯಂತ್ರ ಬೇರೆ ದಾರಿ ಇಲ್ಲದೆ ದೂರದ ಉತ್ತರವನ್ನೇ ಕೊಡುತ್ತದೆ.

ರೇಖೆಯಲ್ಲಿ ಸಾಮಾನ್ಯವಾಗಿ ಎರಡು ಗುಡ್ಡ ಇರುತ್ತವೆ. ಒಂದು ದೂರದಲ್ಲಿ, ಇನ್ನೊಂದು ಹತ್ತಿರದಲ್ಲಿ. ಯಾಕೆ? ಲೈಮನ್ ಮುರಿತ ಒಂದೇ ಅಲ್ಲ, ವಯಸ್ಸಾದ ನಕ್ಷತ್ರಗಳಿರುವ ಗ್ಯಾಲಕ್ಸಿಗಳಲ್ಲಿ 364.6 ನ್ಯಾನೋಮೀಟರ್ ಬಳಿ ಬಾಮರ್ ಮುರಿತ ಅಂತ ಇನ್ನೊಂದಿದೆ. 364.6 ಅನ್ನು 121.6ರಿಂದ ಭಾಗಿಸಿದರೆ ಮೂರು. ಹಾಗಾಗಿ ಒಂದು ಸುಲಭ ಲೆಕ್ಕ: ನಿಮ್ಮ ಝಡ್‌ಗೆ ಒಂದು ಕೂಡಿಸಿ, ಮೂರರಿಂದ ಭಾಗಿಸಿ, ಒಂದು ಕಳೆಯಿರಿ. ವೇಷ ಹಾಕಿರುವ ಗ್ಯಾಲಕ್ಸಿ ಇದ್ದರೆ ಅಲ್ಲಿ ಇರುತ್ತದೆ. ಝಡ್ 11 ಅಂದರೆ ಅನುಮಾನಿಸಬೇಕಾದದ್ದು ಝಡ್ 3.

ಇದು ಬರೀ ಲೆಕ್ಕದ ಮಾತಲ್ಲ. 2022ರ ಜುಲೈನಲ್ಲಿ, ವೆಬ್‌ನ ಮೊದಲ ಚಿತ್ರಗಳು ಬಂದ ಕೆಲವೇ ವಾರಗಳಲ್ಲಿ, ಸಿಯರ್ಸ್-93316 ಎಂಬ ಕಾಯಕ್ಕೆ ಝಡ್ ಸುಮಾರು 16.4 ಅಂತ ಅಂದಾಜಾಯಿತು. ಜಗತ್ತೆಲ್ಲ ಸುದ್ದಿ. 2023ರಲ್ಲಿ ರೋಹಿತ ತೆಗೆದರೆ ಬಂದದ್ದು 4.9. ನಮ್ಮ ಲೆಕ್ಕ ಹಾಕಿ ನೋಡಿ: 17.4 ಭಾಗಿಸು 3, ಅಂದರೆ 5.8. ಒಂದು ಕಳೆದರೆ 4.8. ಎಷ್ಟು ಹತ್ತಿರ ಅಲ್ವಾ? ಜೊತೆಗೆ ಇನ್ನೊಂದು ಕಾಕತಾಳೀಯವೂ ಸೇರಿತ್ತು. ಆ ದೂರದಲ್ಲಿ ಆಮ್ಲಜನಕದ ಬಲವಾದ ಗೆರೆ 277ರಲ್ಲಿ ಬೀಳುತ್ತದೆ. ಹೈಡ್ರೋಜನ್‌ನ ಗೆರೆ 356, 410, 444 ಮೂರೂ ಒಂದರ ಮೇಲೊಂದು ಹಾಯುವ ಅಂಚಿನಲ್ಲಿ ಬೀಳುತ್ತದೆ. ಧೂಳಿನಿಂದ ಕೆಂಪಾದ ಗ್ಯಾಲಕ್ಸಿ ಗೆರೆಗಳ ಬಲದಿಂದ ನೀಲಿಯಂತೆ ನಟಿಸಿತು. ಅದನ್ನು ನೋಡಿದವರು ಅನುಭವಸ್ಥರೇ, ಲೆಕ್ಕವೂ ಸರಿಯಾಗೇ ಇತ್ತು. ಫಿಲ್ಟರ್ ಚಿತ್ರಗಳಿಂದ ತಿಳಿಯಬಹುದಾದದ್ದು ಅಷ್ಟೇ.

ಹಾಗಾಗಿ ಎರಡು ಗುಡ್ಡಗಳ ನಡುವಿನ ವ್ಯತ್ಯಾಸ ನೋಡಿ. ಮಾದರಿ ಎಷ್ಟು ಸರಿಯಾಗಿ ಕೂರುತ್ತಿಲ್ಲ ಅನ್ನುವುದಕ್ಕೆ ಕೈ-ವರ್ಗ (χ²) ಎಂಬ ಅಳತೆ ಇದೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಹತ್ತಿರದ ಉತ್ತರದ ಕೈ-ವರ್ಗ ದೂರದ್ದಕ್ಕಿಂತ ಕನಿಷ್ಠ 4 ಜಾಸ್ತಿ ಇದ್ದರೆ ಅಭ್ಯರ್ಥಿ ಅನ್ನಬಹುದು ಅನ್ನುವುದು ಈ ಕ್ಷೇತ್ರದ ರೂಢಿ. ನಾನಾದರೆ 9 ಇಟ್ಟುಕೊಳ್ಳಿ ಅನ್ನುತ್ತೇನೆ. ಮಾದರಿಗಳ ಗುಂಪಿನಲ್ಲಿ ಧೂಳಿರುವ, ಬಲವಾದ ಗೆರೆಗಳಿರುವ ಗ್ಯಾಲಕ್ಸಿಗಳೂ ಇವೆಯಾ ನೋಡಿಕೊಳ್ಳಿ. ಅವೇ ಇಲ್ಲದಿದ್ದರೆ ಹೋಲಿಕೆ ಏಕಪಕ್ಷೀಯ.

ಹಂತ 6: ಕಂದು ಕುಬ್ಜ ಅಲ್ಲ ತಾನೇ?

ಕಂದು ಕುಬ್ಜ ಅಂದರೆ ನಕ್ಷತ್ರವಾಗಲು ಸಾಲದಷ್ಟು ಚಿಕ್ಕ, ತಣ್ಣಗಿನ ಕಾಯ. ನಮ್ಮದೇ ಆಕಾಶಗಂಗೆಯಲ್ಲಿ ಇರುತ್ತದೆ. ಅದರ ಮೀಥೇನ್ ಮತ್ತು ನೀರಾವಿ ಕೆಲವು ತರಂಗದೂರಗಳನ್ನು ನುಂಗಿ ಡ್ರಾಪ್‌ಔಟ್‌ನಂತೆ ಕಾಣಿಸುತ್ತವೆ. ಗುರುತು ಎರಡು: ಚುಕ್ಕಿಯಂತೆ ಚೂಪಾಗಿರುತ್ತದೆ, ಮತ್ತು 356ಕ್ಕಿಂತ 444ರಲ್ಲಿ ಎದ್ದು ಹೊಳೆಯುತ್ತದೆ. ಕಾಪೊಟಾವ್ರೊ ಎಂಬ ಕಾಯದ ಬಗ್ಗೆ 2025ರಲ್ಲಿ ಬಂದ ಲೇಖನ ಝಡ್ 32ರ ಸಾಧ್ಯತೆಯನ್ನೂ ಹೇಳಿತ್ತು, ಕಂದು ಕುಬ್ಜ ಇರಬಹುದು ಅಂತಲೂ ಹೇಳಿತ್ತು. ಒಂದೇ ಚುಕ್ಕಿಗೆ ಇಷ್ಟು ದೂರದ ಎರಡು ಉತ್ತರ!

ಹಂತ 7: ಮೊದಲೇ ಯಾರಾದರೂ ಕಂಡಿದ್ದಾರಾ?

ವಿಳಾಸವನ್ನು ಸಿಂಬಾದ್ ಮತ್ತು ನೆಡ್ ಎಂಬ ಎರಡು ಕೋಶಗಳಲ್ಲಿ ಹಾಕಿ. ಸುತ್ತ ಒಂದು ಆರ್ಕ್‌ಸೆಕೆಂಡ್ ಸಾಕು (ಒಂದು ಡಿಗ್ರಿಯ 3,600ನೇ ಒಂದು ಭಾಗ). ಡಾನ್ ಸಂಗ್ರಹದಲ್ಲಿ ರೋಹಿತಗಳೂ ಇವೆ, ನಿಮ್ಮದು ಅದರಲ್ಲಿ ಇದ್ದರೆ ಉತ್ತರ ಅಲ್ಲೇ ಸಿಗುತ್ತದೆ. ಮೊದಲೇ ಸಿಕ್ಕಿದ್ದರೆ ಬೇಸರ ಬೇಡ. ನಿಮ್ಮ ಜರಡಿ ಸರಿಯಾಗಿದೆ ಅಂತ ಅರ್ಥ.

ಬಿಟ್ಟುಹೋದ ಹಳೆಯ ಅಭ್ಯರ್ಥಿಗಳಿಗೂ ಬೆಲೆ ಇದೆ. ಹಬಲ್‌ನ ಒಂದೇ ಒಂದು ಫಿಲ್ಟರ್‌ನಲ್ಲಿ ಕಂಡಿದ್ದ ಯುಡಿಎಫ್‌ಜೆ-39546284 ಎಂಬ ಚುಕ್ಕಿ 2011ರಲ್ಲಿ ಪ್ರಕಟವಾಗಿತ್ತು. ಹತ್ತು ವರ್ಷಕ್ಕೂ ಮೇಲೆ ವಾದ ನಡೆಯಿತು. ಕೊನೆಗೆ ವೆಬ್ ರೋಹಿತ ತೆಗೆದಾಗ ನಿಜವಾಗಿಯೂ ದೂರದ್ದೇ, ಝಡ್ ಸುಮಾರು 11.6.

ಹಂತ 8: ಯಾರಿಗೆ ಹೇಳುವುದು

ಎಲ್ಲ ದಾಟಿದ ಅಭ್ಯರ್ಥಿ ಸಿಕ್ಕರೆ ಆ ಸಮೀಕ್ಷೆಯ ತಂಡಕ್ಕೆ ಇಮೇಲ್ ಬರೆಯಿರಿ. ಅವರ ಪ್ರಕಟಿತ ಲೇಖನದಲ್ಲೇ ವಿಳಾಸ ಇರುತ್ತದೆ. ಪತ್ರದಲ್ಲಿ ನಾಲ್ಕು ಇರಲಿ: ಆಕಾಶದ ವಿಳಾಸ, ಎಲ್ಲ ಫಿಲ್ಟರ್‌ನ ಹೊಳಪು ಮತ್ತು ದೋಷ, ಚಿತ್ರಗಳ ಸಾಲು, ಸಾಧ್ಯತೆಯ ರೇಖೆ. ಹತ್ತಿರದ ಗುಡ್ಡವನ್ನು ಮುಚ್ಚಿಡಬೇಡಿ, ಅವರು ಮೊದಲು ನೋಡುವುದೇ ಅದನ್ನು. "ಕಂಡುಹಿಡಿದೆ" ಅನ್ನಬೇಡಿ, "ಅಭ್ಯರ್ಥಿ" ಅನ್ನಿ. ದೂರ ಬರೆಯುವಾಗಲೂ ಎಚ್ಚರ. ಝಡ್ 14ರ ಬೆಳಕು ಸುಮಾರು 1,350 ಕೋಟಿ ವರ್ಷ ಪಯಣಿಸಿದೆ, ಆದರೆ ಆ ಗ್ಯಾಲಕ್ಸಿ ಈಗ ಇರುವುದು 3,300 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ. ಝಡ್ ಒಂದನ್ನೇ ಬರೆದರೆ ಗೊಂದಲವಿಲ್ಲ.

ತಕ್ಷಣ ರೋಹಿತ ತೆಗೆಯುತ್ತಾರೆ ಅಂತ ಕಾಯಬೇಡಿ. ವೆಬ್‌ನ ಸಮಯಕ್ಕೆ ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತಾರೆ. ನಾಲ್ಕನೇ ಸುತ್ತಿನಲ್ಲಿ ಸುಮಾರು 2,400 ಅರ್ಜಿ ಬಂದಿದ್ದವು, ಕೇಳಿದ್ದು ಇದ್ದ ಸಮಯದ ಸುಮಾರು ಒಂಬತ್ತು ಪಟ್ಟು. ಆದರೆ ರೋಹಿತ ತೆಗೆಯುವ ನಿಯರ್‌ಸ್ಪೆಕ್ ಉಪಕರಣಕ್ಕೆ ಪುಟ್ಟ ಪುಟ್ಟ ಕಿಟಕಿಗಳಿವೆ, ಒಂದೇ ಸಲಕ್ಕೆ ನೂರಕ್ಕೂ ಮೇಲೆ ಕಾಯಗಳನ್ನು ನೋಡುತ್ತದೆ. ಆ ಜಾಗಕ್ಕೆ ಮತ್ತೆ ಹೋಗುವ ತಂಡದವರು ಖಾಲಿ ಕಿಟಕಿಯೊಂದನ್ನು ನಿಮ್ಮ ಚುಕ್ಕಿಗೆ ಕೊಡಬಹುದು. ಅದಕ್ಕೇ ಪತ್ರ ಚಿಕ್ಕದಾಗಿ, ಲೆಕ್ಕ ಪೂರ್ತಿಯಾಗಿ ಇರಲಿ.